ಕ್ರಿಬ್ ಬಿಟ್ಟ ರಾತ್ರಿಯಿಂದ ಇಡೀ ರೂಮೇ ಕ್ರಿಬ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇಲ್ಲಿ ನಡೆಯುತ್ತಿರುವ ಮಾತುಕತೆ ಓದುತ್ತಿದ್ದೇನೆ. ಎರಡೂವರೆ ವರ್ಷದ ಮಗಳನ್ನು ಕ್ರಿಬ್‌ನಿಂದ, ಅಂದರೆ ಪುಟ್ಟ ಮಕ್ಕಳ ಕಟಕಟೆ ಮಂಚದಿಂದ, ಬಿಡಿಸುವಾಗ ಅವಳ ರೂಮನ್ನು ಹೇಗೆ ಬದಲಾಯಿಸಲಿ ಎಂದು ಒಬ್ಬರು ಕೇಳಿದರು. ಉತ್ತರವಾಗಿ ಬಂದದ್ದೆಲ್ಲ ಫೋಟೊಗಳು: ಕಾರಿನ ಆಕಾರದ ಮಂಚ, ಮೋಡ ಬಿಡಿಸಿದ ಗೋಡೆ, ಛಾವಣಿಯಲ್ಲಿ ಮಿನುಗುವ ನಕ್ಷತ್ರ. ಚೆನ್ನಾಗಿವೆ, ಇಲ್ಲ ಅನ್ನುತ್ತಿಲ್ಲ. ಆದರೆ ನಾನು ಹೆದರಿ ನಡುಗಿ ಕಲಿತ ಒಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಕ್ರಿಬ್ಬಿಗೆ ನಾಲ್ಕೂ ಕಡೆ ಕಟಕಟೆ ಇರುತ್ತದೆ. ಅದು ಇರುವಷ್ಟು ದಿನ ಮಗು ರಾತ್ರಿ ಎರಡು ಗಂಟೆಗೆ ಎದ್ದರೂ ಓಡಾಡಲು ಸಿಗುವುದು ಒಂದು ಹಾಸಿಗೆಯಷ್ಟು ಜಾಗ. ಕಟಕಟೆ ತೆಗೆದ ರಾತ್ರಿಯಿಂದ ಇಡೀ ರೂಮು ಅದರ ವಶ, ಅದೂ ನಾವು ಗೊರಕೆ ಹೊಡೆಯುವ ಹೊತ್ತಿನಲ್ಲಿ. ಹಾಗಾಗಿ ಮೊದಲು ಇಡೀ ರೂಮನ್ನು ಮಗುವಿಗೆ ಅಪಾಯವಿಲ್ಲದಂತೆ ಮಾಡಬೇಕು, ಮಂಚ ಯಾವುದು ಅನ್ನುವುದು ಆಮೇಲಿನ ಮಾತು.

ನಮ್ಮ ಕಥೆ ಕೇಳಿ. ಮಗನಿಗೆ ಎರಡು ವರ್ಷ ಎರಡು ತಿಂಗಳು ತುಂಬಿತ್ತು. ಒಂದೇ ಶನಿವಾರ ಭಾನುವಾರದಲ್ಲಿ ಎಲ್ಲ ಮುಗಿಸಿಬಿಡೋಣ ಎಂದು ನಾನೇ ಹುರುಪಿನಿಂದ ಕ್ರಿಬ್ ಬಿಚ್ಚಿದೆ, ಹೊಸ ಮಂಚ ಜೋಡಿಸಿದೆ, ಡೈಪರ್ ಬದಲಿಸುವ ಟೇಬಲ್ ಇದ್ದಲ್ಲಿ ಎತ್ತರದ ಡ್ರಾಯರ್ ಬೀರು ತಂದಿಟ್ಟೆ, ಹಾಲು ಕುಡಿಸುತ್ತಿದ್ದ ತೂಗುಕುರ್ಚಿಯನ್ನು ಗ್ಯಾರೇಜಿಗೆ ಸಾಗಿಸಿದೆ. ಮೊದಲ ಎರಡು ರಾತ್ರಿ ಮಗ ಅಳದೆ ಮಲಗಿದ. ನಾವು ಬೀಗಿದ್ದೇ ಬೀಗಿದ್ದು. ಮೂರನೇ ರಾತ್ರಿ ಧಡ್ ಎಂದು ಸದ್ದು. ಓಡಿಹೋಗಿ ನೋಡಿದರೆ ಕೆಳಗಿನ ಮೂರು ಡ್ರಾಯರ್‌ಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು, ಬೀರುವಿನ ತಲೆಯ ಮೇಲಿದ್ದ ಕರಡಿ ಗೊಂಬೆಗೆ ಕೈ ಹಾಕಿದ್ದಾನೆ. ಬೀರು ಮುಂದಕ್ಕೆ ವಾಲಿ, ಪುಣ್ಯಕ್ಕೆ ಮಂಚದ ಅಂಚಿಗೆ ತಗಲಿ ಅಲ್ಲೇ ನಿಂತಿದೆ. ಮಗ ಪಕ್ಕದಲ್ಲಿ ಕರಡಿ ಹಿಡಿದು ನಿಂತು, 'ಅಪ್ಪಾ, ಬೀರು ಬಗ್ತು' ಅಂದ. ಬೀರುವನ್ನು ನೆಟ್ಟಗೆ ಮಾಡಿ ಹಿಂದೆ ನೋಡಿದೆ. ಗೋಡೆಗೆ ಬಿಗಿಯಲು ಕೊಟ್ಟಿದ್ದ ಎರಡು ಪಟ್ಟಿಗಳು ಸ್ಕ್ರೂಗಳ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಅಂಟಿಕೊಂಡಿದ್ದವು. ಚೀಲವನ್ನು ನಾನು ಒಡೆದೇ ಇರಲಿಲ್ಲ.

ಮುಚ್ಚಿದ ಬೀರು ಗಟ್ಟಿಯಾಗಿಯೇ ನಿಂತಿರುತ್ತದೆ. ಡ್ರಾಯರ್‌ಗಳು ಹೊರಗೆ ಬಂದಷ್ಟೂ ಅದರ ಭಾರ ಮುಂದಕ್ಕೆ ಸರಿಯುತ್ತದೆ, ಮೇಲೆ ಹನ್ನೆರಡು ಹದಿಮೂರು ಕಿಲೋ ಮಗು ಹತ್ತಿದರೆ ಕೇಳುವುದೇ ಬೇಡ. ಎತ್ತರದ ಬೀರು, ಪುಸ್ತಕದ ಕಪಾಟು, ಟೀವಿ, ಎಲ್ಲವನ್ನೂ ಗೋಡೆಗೆ ಬಿಗಿಯಿರಿ. ಗೋಡೆ ಟೊಳ್ಳು ಹಲಗೆಯದಾದರೆ ಬರೀ ಹಲಗೆಗೆ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ, ಒಳಗಿನ ಮರದ ಕಂಬ ಹುಡುಕಿ ಅದಕ್ಕೇ ಹಾಕಬೇಕು. ಬಾಡಿಗೆ ಮನೆ, ತೂತು ಕೊರೆಯುವಂತಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಮಾಲೀಕರನ್ನು ಕೇಳಿ, ಬಿಡುವಾಗ ತೂತು ಮುಚ್ಚಿಕೊಡುತ್ತೇವೆ ಅನ್ನಿ. ಒಪ್ಪದಿದ್ದರೆ ಎತ್ತರದ ಬೀರು ಆ ರೂಮಿನಲ್ಲಿ ಬೇಡವೇ ಬೇಡ. ಭಾರದ ಸಾಮಾನು ಕೆಳಗಿನ ಡ್ರಾಯರ್‌ಗೆ. ಮಗುವಿಗೆ ಆಸೆ ಹುಟ್ಟಿಸುವ ಗೊಂಬೆ ಯಾವತ್ತೂ ಮೇಲಿರಬಾರದು. ಆ ಕರಡಿಯನ್ನು ಅಲ್ಲಿಟ್ಟವನು ನಾನೇ, ಅಂದವಾಗಿ ಕಾಣಲಿ ಎಂದು!

ಮಾರನೆಯ ದಿನ ನಾನು ಮೊಣಕಾಲೂರಿ ಆ ರೂಮೆಲ್ಲ ಓಡಾಡಿದೆ. ನೀವೂ ಒಮ್ಮೆ ಮಾಡಿ ನೋಡಿ. ನಿಂತಾಗ ಕಾಣದ್ದೆಲ್ಲ ಕಾಣುತ್ತದೆ. ಕಿಟಕಿಯ ಬ್ಲೈಂಡ್ಸ್‌ನ ದಾರ ಕುಣಿಕೆಯಾಗಿ ಸರಿಯಾಗಿ ಮಗುವಿನ ಕುತ್ತಿಗೆಯ ಮಟ್ಟಕ್ಕೆ ನೇತಾಡುತ್ತಿತ್ತು. ದಾರವೇ ಇಲ್ಲದ ಬ್ಲೈಂಡ್ಸ್ ಹಾಕಿಸುವುದು ಒಳ್ಳೆಯದು, ಅಲ್ಲಿಯವರೆಗೆ ದಾರವನ್ನು ಕೈಗೆಟುಕದಂತೆ ಮೇಲೆ ಕಟ್ಟಿ. ಮಂಚ ಕಿಟಕಿಯ ಕೆಳಗೆ ಬೇಡ. ಸೊಳ್ಳೆ ಪರದೆಯ ಜಾಲರಿ ನೊಣ ತಡೆಯುತ್ತದೆ, ಮಗುವಿನ ಭಾರ ತಡೆಯುವುದಿಲ್ಲ. ಕಿಟಕಿ 10 ಸೆಂಟಿಮೀಟರ್‌ಗಿಂತ ಹೆಚ್ಚು ತೆರೆಯದಂತೆ ತಡೆ ಹಾಕಿಸಿ. ಮಂಚಕ್ಕೂ ಗೋಡೆಗೂ ನಡುವೆ ಒಂದು ಗೇಣು ಸಂದಿ ಬಿಟ್ಟಿದ್ದೆ, ಅಲ್ಲಿ ಮಗು ಸಿಕ್ಕಿಕೊಳ್ಳಬಹುದು ಎಂದು ಹೊಳೆದದ್ದು ಅಲ್ಲಿ ಕುಳಿತಾಗಲೇ.

ಇನ್ನು ಯಾವಾಗ ಬದಲಾಯಿಸಬೇಕು ಅನ್ನುವುದು. ವಯಸ್ಸಿಗಿಂತ ಎತ್ತರ ನೋಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘದ ಅಳತೆ ಸುಲಭವಾಗಿದೆ: ಮಗು ಸುಮಾರು 89 ಸೆಂಟಿಮೀಟರ್ ಆದಾಗ, ಇಲ್ಲವೇ ಕಟಕಟೆಯ ಎತ್ತರ ಮಗುವಿನ ಎತ್ತರದ ಮುಕ್ಕಾಲು ಭಾಗಕ್ಕಿಂತ ಕಡಿಮೆಯಾದಾಗ ಕ್ರಿಬ್ ಬಿಡಿಸಬೇಕು. ಹಾಸಿಗೆಯನ್ನು ಕೊನೆಯ ಹಂತಕ್ಕೆ ಇಳಿಸಿದ್ದರೂ ಹತ್ತಿ ದಾಟಲು ಶುರು ಮಾಡಿದರೆ ಅವತ್ತೇ. ಹಾಗೇನೂ ಇಲ್ಲ, ನೆಮ್ಮದಿಯಾಗಿ ಮಲಗುತ್ತಿದೆ ಅಂದರೆ ಆತುರ ಯಾಕೆ? ಸಾಮಾನ್ಯವಾಗಿ ಒಂದೂವರೆಯಿಂದ ಮೂರೂವರೆ ವರ್ಷದೊಳಗೆ ಯಾವಾಗಲಾದರೂ ಆಗುತ್ತದೆ. 'ಪಕ್ಕದ ಮನೆ ಮಗು ಆಗಲೇ ಮಂಚದ ಮೇಲೆ ಮಲಗುತ್ತೆ' ಅನ್ನುವುದು ಕಾರಣವಲ್ಲ. 'ಬೆಳಗಾಗುವವರೆಗೆ ಇಳೀಬಾರದು' ಅನ್ನುವ ಮಾತನ್ನು ಮೂರು ವರ್ಷದ ಮಗು ಸ್ವಲ್ಪವಾದರೂ ಹಿಡಿದುಕೊಳ್ಳುತ್ತದೆ, ಎರಡು ವರ್ಷದ್ದಕ್ಕೆ ಕಟಕಟೆ ಇಲ್ಲ ಅಂದರೆ ಇಳಿ ಅಂತಲೇ ಅರ್ಥ.

ಎರಡನೇ ಮಗು ಬರುತ್ತಿದೆ, ಅದಕ್ಕೇ ಕ್ರಿಬ್ ಬೇಕು ಅಂದವರಿಗೆ ಒಂದು ಮಾತು. ಒಂದೆರಡು ತಿಂಗಳು ಮೊದಲೇ ದೊಡ್ಡದನ್ನು ಮಂಚಕ್ಕೆ ಕಳಿಸಿ, ಕ್ರಿಬ್ಬನ್ನು ಕಣ್ಣಿಗೆ ಬೀಳದಂತೆ ಎತ್ತಿಡಿ. ಇಲ್ಲವಾದರೆ ಹೊಸ ಮಗು ಬಂದು ಮನೆ ಒಂದು ಹದಕ್ಕೆ ಬರುವವರೆಗೆ ತಡೆಯಿರಿ. ಅವತ್ತೇ ಕಿತ್ತು ಇದಕ್ಕೆ ಕೊಟ್ಟರೆ ಆ ಸಿಟ್ಟು ತೀರುವುದು ಪುಟ್ಟದರ ಮೇಲೆ.

ಮಂಚದ ವಿಷಯ ಬೇಗ ಮುಗಿಸುತ್ತೇನೆ. ತಗ್ಗಾಗಿರಲಿ, ಉರುಳಿ ಬಿದ್ದರೂ ಅಳು ಎರಡು ನಿಮಿಷಕ್ಕೆ ನಿಲ್ಲುವಷ್ಟು. ಕ್ರಿಬ್ಬಿನದೇ ಒಂದು ಬದಿ ತೆಗೆದು ಮಂಚ ಮಾಡಿಕೊಳ್ಳುವ ಮಾದರಿಯಾದರೆ ಇನ್ನೂ ಒಳ್ಳೆಯದು, ಹಾಸಿಗೆ ಅದೇ, ಅದರ ವಾಸನೆಯೂ ಅದೇ. ಬರೀ ಹಾಸಿಗೆಯನ್ನು ನೆಲಕ್ಕೆ ಹಾಕಿದರೂ ನಡೆಯುತ್ತದೆ, ಆಗಾಗ ಎತ್ತಿ ಗಾಳಿಗಿಡದಿದ್ದರೆ ಮಾತ್ರ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಆಮೇಲೆ ಸಿಕ್ಕಿಸುವ ಬಿಡಿ ಕಟಕಟೆ ಎರಡು ವರ್ಷದೊಳಗಿನವರಿಗಲ್ಲ, ಅದಕ್ಕೂ ಹಾಸಿಗೆಗೂ ನಡುವೆ ಸಂದಿಯೂ ಉಳಿಯಬಾರದು. ಅಣ್ಣನ ಮಹಡಿ ಮಂಚದ ಮೇಲಂತಸ್ತು ಆರು ವರ್ಷ ತುಂಬುವವರೆಗೆ ಬೇಡ.

ಬಣ್ಣವೇ? ನಿಮ್ಮಿಷ್ಟ. ಮಗು ಆ ರೂಮಿನಲ್ಲಿ ಮಲಗುವುದಕ್ಕೆ ಕೆಲವು ದಿನ ಮೊದಲೇ ಹೊಡೆಸಿ, ಕಿಟಕಿ ತೆರೆದಿಟ್ಟು ವಾಸನೆ ಹೋಗಲಿ. ಒರೆಸಲು ಬರುವಂಥದ್ದಿರಲಿ, ಕ್ರೇಯಾನ್ ಹಿಡಿಯುವ ವಯಸ್ಸು. ಮಗುವಿಗೆ 'ಏನು ಬೇಕು' ಎಂದು ಕೇಳಬೇಡಿ, ಎರಡು ಹೊದಿಕೆ ತೋರಿಸಿ 'ಯಾವುದು' ಎಂದು ಕೇಳಿ.

ಇದಕ್ಕಿಂತ ಮುಖ್ಯ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಹೊಸ ಮಂಚಕ್ಕೆ ನನ್ನ ಮಗ ಅಳಲಿಲ್ಲ ಅಂದೆನಲ್ಲ, ಅವನು ಅತ್ತದ್ದು ಕುರ್ಚಿಗಾಗಿ. ವಾರವಿಡೀ ಮಲಗುವ ಹೊತ್ತಿಗೆ ಆ ಖಾಲಿ ಮೂಲೆಗೆ ಹೋಗಿ ನಿಲ್ಲುತ್ತಿದ್ದ. ಕಾರ್ಪೆಟ್ ಮೇಲೆ ಕುರ್ಚಿಯ ಕಾಲುಗಳು ಒತ್ತಿದ ನಾಲ್ಕು ಗುಳಿಗಳು ಹಾಗೇ ಇದ್ದವು, ಒಂದರಲ್ಲಿ ಹೆಬ್ಬೆರಳು ಅದ್ದಿ ನನ್ನ ಮುಖ ನೋಡುತ್ತಿದ್ದ. ಹೆಂಡತಿ ಒಂದು ಮಾತೂ ಆಡದೆ ಗ್ಯಾರೇಜಿಗೆ ಹೋಗಿ ಕುರ್ಚಿ ಎಳೆದುಕೊಂಡು ಬಂದಳು. ಈಗಲೂ ಅಲ್ಲೇ ಇದೆ, ಕಥೆ ಓದುವುದು ಅದರಲ್ಲೇ ಕುಳಿತು. ಪುಸ್ತಕ ಅಂದಾಗ ನೆನಪಾಯಿತು: ಕನ್ನಡದ ಪುಸ್ತಕಗಳನ್ನು ಕೆಳಗಿನ ಸಾಲಿನಲ್ಲಿ, ಮುಖಪುಟ ಕಾಣುವಂತೆ ಇಡಿ. ಮೇಲಿನ ಸಾಲಿನಲ್ಲಿಟ್ಟದ್ದು ನಮ್ಮ ಸಮಾಧಾನಕ್ಕೆ ಮಾತ್ರ. ಮಗು ಎಳೆದು ತರುವುದು ಕೈಗೆ ಸಿಕ್ಕಿದ್ದನ್ನು.

ರಾತ್ರಿ ಎದ್ದು ಬರುತ್ತಾರೆ, ಬಂದೇ ಬರುತ್ತಾರೆ. ಒಂದು ರಾತ್ರಿ ಲೆಕ್ಕ ಹಾಕಿದ್ದೆ, ಏಳು ಸಲ. ಮಾತಿಲ್ಲ, ಬೈಗುಳವಿಲ್ಲ, ಕೈ ಹಿಡಿದು ವಾಪಸ್ ಮಲಗಿಸುವುದು. ಐದಾರು ದಿನದಲ್ಲಿ ನಮ್ಮವನಿಗೇ ಬೇಸರ ಬಂತು. ಗುಮ್ಮನನ್ನು ಕರೆದು ಹೆದರಿಸಿದರೆ ಒಂದು ರಾತ್ರಿ ಉಳಿಯುತ್ತದೆ, ಮುಂದಿನ ತಿಂಗಳು ಪೂರ್ತಿ ಕಳೆಯುತ್ತದೆ. ಮಂದವಾದ ಹಳದಿ ಕೆಂಪು ದೀಪ ಸಾಕು, ಬಿಳಿ ನೀಲಿ ಬೆಳಕು ನಿದ್ದೆ ಓಡಿಸುತ್ತದೆ. ಹೊರಗಿನಿಂದ ಚಿಲಕ ಹಾಕಿಬಿಡಿ ಎಂದು ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ, ಬೆಂಕಿ ಬಿದ್ದರೆ ಏನು ಗತಿ? ಬಾಗಿಲಿಗೆ ತಗ್ಗು ಗೇಟು ಹಾಕಿ, ಇಲ್ಲವೇ ತೆರೆದಾಗ ಕಿಣಿ ಕಿಣಿ ಅನ್ನುವ ಗಂಟೆ ಕಟ್ಟಿ. ಮೆಟ್ಟಿಲ ಗೇಟು ಹೇಗೂ ಇರಬೇಕು.

ಅಂದಹಾಗೆ, ಮಗು ನಮ್ಮ ಪಕ್ಕದಲ್ಲೇ ಮಲಗಲಿ, ಬೇರೆ ರೂಮು ಯಾಕೆ ಅಂದವರಿದ್ದಾರೆ. ಅದು ಅವರವರ ಮನೆಯ ಮಾತು, ಜಗಳ ಬೇಡ. ಹಗಲಿನಲ್ಲಿ ಆಡಲು ಹೋಗುವ ರೂಮಾದರೂ ಬೀರು ಬೀರುವೇ, ಬಿಗಿಯಿರಿ.

ಪಟ್ಟಿ ಎಲ್ಲಿ, ಹೇಗೆ ಬಿಗಿಯುವುದು ಎಂದು ಫೋಟೊ ಕೇಳಿದವರಿಗೆ ನಾಳೆ ಹಗಲು ತೆಗೆದು ಹಾಕುತ್ತೇನೆ. ಈಗ ಮಗ ಮಲಗಿ ಹತ್ತು ನಿಮಿಷ ಆಗಿದೆ, ಆ ರೂಮಿಗೆ ಕಾಲಿಡುವ ಧೈರ್ಯ ನನಗಿಲ್ಲ.