ಕುಡಿದು ಬಂದವರಲ್ಲಿ ನಿಜವಾದ ಅಪಾಯ ಯಾರಿಗೆ ಅಂತ ಹೇಗೆ ಗುರುತಿಸುತ್ತೀರಿ?

ರಾತ್ರಿಪಾಳಿ:
ಎಮರ್ಜೆನ್ಸಿ ಕೆಲಸಕ್ಕೆ ನಾನು ಹೊಸಬ. ವಿಪರೀತ ಕುಡಿದು ಬರುವವರಲ್ಲಿ ಹೆಚ್ಚಿನವರು ಮಲಗಿ ಎದ್ದು ಮನೆಗೆ ಹೋಗುತ್ತಾರೆ. ಆದರೆ ಕೈಮೀರಿ ಹೋಗುವಂಥ ರೋಗಿಯೂ ಅವರ ನಡುವೆಯೇ ಇರುತ್ತಾರೆ, ಅಲ್ವಾ? ಎಲ್ಲರಿಗೂ ಸಿಟಿ ಸ್ಕ್ಯಾನ್ ಮಾಡಿಸುವುದಕ್ಕಾಗುವುದಿಲ್ಲ. ರಕ್ತದ ಆಲ್ಕೋಹಾಲ್ ಮಟ್ಟ ನೋಡಿದರೆ ಸಾಕಾ?

ಹಳೇ ಸ್ಟೆತ್:
ಆ ನಂಬರ್ ಒಂದನ್ನೇ ನಂಬಬೇಡಿ. ದಿನಾ ಕುಡಿಯುವವರು ಡೆಸಿಲೀಟರಿಗೆ 300 ಮಿಲಿಗ್ರಾಂ ಇದ್ದರೂ ಎದ್ದು ಕೂತು ಜಗಳ ಆಡಬಹುದು, ಅಪರೂಪಕ್ಕೆ ಕುಡಿದವರಿಗೆ ಅಷ್ಟರಲ್ಲೇ ಉಸಿರು ನಿಧಾನವಾಗಬಹುದು. ಮೊದಲು ಉಸಿರಾಟ, ಆಕ್ಸಿಜನ್, ಬಿಪಿ, ಮೈ ತಣ್ಣಗಾಗಿದೆಯಾ ಅಂತ ನೋಡಿ, ಜೊತೆಗೇ ಬೆರಳು ಚುಚ್ಚಿ ಶುಗರ್ ನೋಡಿ. ಆಲ್ಕೋಹಾಲ್ ಇದ್ದಾಗ ಲಿವರ್ ಹೊಸ ಗ್ಲೂಕೋಸ್ ಮಾಡುವುದು ಕುಗ್ಗುತ್ತದೆ, ಹಾಗಾಗಿ ಊಟ ಬಿಟ್ಟು ಕುಡಿದವರಲ್ಲಿ, ಮಕ್ಕಳಲ್ಲಿ ಶುಗರ್ ಇಳಿಯುತ್ತದೆ. ಶುಗರ್ ಇಳಿದವರೂ ತೊದಲುತ್ತಾರೆ, ತೂರಾಡುತ್ತಾರೆ, ನೋಡಿದವರು ಕುಡಿತದ ಲೆಕ್ಕಕ್ಕೇ ಹಾಕುತ್ತಾರೆ.

ಇನ್ನು ಸ್ಕ್ಯಾನ್. ತಲೆಗೆ ಪೆಟ್ಟಿನ ಗುರುತು, ಫಿಟ್ಸ್, ಕಣ್ಣಿನ ಪಾಪೆಗಳಲ್ಲಿ ವ್ಯತ್ಯಾಸ, ಒಂದು ಕೈಕಾಲಲ್ಲಿ ಬಲ ಕಡಿಮೆ, ರಕ್ತ ತೆಳ್ಳಗಾಗುವ ಮಾತ್ರೆ, ವಯಸ್ಸು ಜಾಸ್ತಿ, ಇಂಥದ್ದೇನಾದರೂ ಇದ್ದರೆ ಅಮಲು ಇಳಿಯಲಿ ಅಂತ ಕಾಯಬೇಡಿ. ಬಹಳ ವರ್ಷ ಕುಡಿದವರ ಮಿದುಳು ಕುಗ್ಗಿರುತ್ತದೆ, ಸಣ್ಣ ಪೆಟ್ಟಿಗೂ ಸಬ್‌ಡ್ಯೂರಲ್ ರಕ್ತಸ್ರಾವ (ಮಿದುಳಿನ ಹೊದಿಕೆಯ ಅಡಿಯಲ್ಲಿ ರಕ್ತ ಸೇರುವುದು) ಆಗಬಹುದು. ಉಳಿದವರಲ್ಲಿ ಜಿಸಿಎಸ್ (ಎಷ್ಟು ಎಚ್ಚರವಿದ್ದಾರೆ ಅಂತ ಅಳೆಯುವ ಅಂಕ) ಮತ್ತೆ ಮತ್ತೆ ನೋಡಿ, ಸಮಯದ ಸಮೇತ ಬರೆದಿಡಿ. ರಕ್ತದ ಆಲ್ಕೋಹಾಲ್ ಗಂಟೆಗೆ ಡೆಸಿಲೀಟರಿಗೆ ಸುಮಾರು 15ರಿಂದ 20 ಮಿಲಿಗ್ರಾಂ ಇಳಿಯುತ್ತದೆ, ರೋಗಿಯೂ ಅದಕ್ಕೆ ತಕ್ಕಂತೆ ಚೇತರಿಸಿಕೊಳ್ಳಬೇಕು. ಕೆಲವು ಗಂಟೆ ಕಳೆದರೂ ಹಾಗೇ ಇದ್ದರೆ, ಅಥವಾ ಇನ್ನೂ ಮಂಕಾದರೆ, ಅದು ಬರೀ ಅಮಲಲ್ಲ ಅಂದುಕೊಳ್ಳಿ. ನಿದ್ದೆ ಮಾತ್ರೆ, ಸೋಂಕು, ತಲೆಯೊಳಗೆ ರಕ್ತ, ಎಲ್ಲ ಹುಡುಕಿ. ಕಣ್ಣು ಮಂಜು ಅಂದರೆ, ಜೋರು ಜೋರಾಗಿ ಉಸಿರಾಡುತ್ತಿದ್ದರೆ ಮೆಥನಾಲ್ (ಕಳ್ಳಭಟ್ಟಿಯಲ್ಲಿ ಬೆರೆತಿರಬಹುದಾದ ವಿಷಕಾರಿ ಆಲ್ಕೋಹಾಲ್) ನೆನಪಿರಲಿ.

ವಾರ್ಡ್ ಸಿಸ್ಟರ್:
ಡಾಕ್ಟ್ರೇ, ಗೊರಕೆ ಕೇಳಿ 'ಚೆನ್ನಾಗಿ ನಿದ್ದೆ ಬಂದಿದೆ' ಅಂತ ಸುಮ್ನೆ ಬಿಟ್ಟು ಹೋಗಬೇಡಿ. ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಕಟ್ಟುತ್ತಿರಬಹುದು. ಕುತ್ತಿಗೆಗೆ ಪೆಟ್ಟಿನ ಅನುಮಾನ ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ. ಅಂಗಾತ ಮಲಗಿ ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ.

ರಾತ್ರಿಪಾಳಿ:
ಡ್ರಿಪ್ ಹಾಕಿದರೆ ಬೇಗ ಇಳಿಯುತ್ತದಾ? ಥಯಮಿನ್ (ವಿಟಮಿನ್ ಬಿ1) ಎಲ್ಲರಿಗೂ ಬೇಕಾ?

ಹಳೇ ಸ್ಟೆತ್:
ಇಳಿಯುವುದಿಲ್ಲ. ಮೈಯಲ್ಲಿ ನೀರಿನಂಶ ಕಡಿಮೆಯಾಗಿದ್ದರೆ ಹಾಕಿ, ಅಷ್ಟೇ. ಥಯಮಿನ್ ದಿನಾ ಕುಡಿಯುವವರಿಗೆ, ಊಟ ಸರಿಯಿಲ್ಲದೆ ಸೊರಗಿದವರಿಗೆ ಕೊಡಿ, ಆದರೆ ಅದಕ್ಕಾಗಿ ಗ್ಲೂಕೋಸ್ ತಡ ಮಾಡಬೇಡಿ. ದಿನಾ ಕುಡಿಯುವವರಿಗೆ ಕೊನೆಯ ಪೆಗ್ ಆಗಿ 6 ಗಂಟೆ ದಾಟಿದ ಮೇಲೆ ಕೈ ನಡುಕ ಶುರುವಾಗಬಹುದು, 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಮನೆಗೆ ಕಳಿಸುವ ಮುಂಚೆ ಅದನ್ನೂ ಕೇಳಿ. ನೆಟ್ಟಗೆ ನಡೆಯಬೇಕು, ಸರಿಯಾಗಿ ಮಾತಾಡಬೇಕು, ಜೊತೆಗೆ ಯಾರಾದರೂ ಇರಬೇಕು. ಸಾಯ್ತೀನಿ ಅಂತ ಅಮಲಿನಲ್ಲಿ ಅಂದಿದ್ದರೆ ಇಳಿದ ಮೇಲೆ ಕೂರಿಸಿಕೊಂಡು ಮತ್ತೆ ಕೇಳಿ.