ಮಳೆಗಾಲದಲ್ಲಿ ಸೌದೆ ಒಲೆ ಕೈಕೊಟ್ಟರೆ ಮನೆ ಬೆಚ್ಚಗಿಡಲು ಏನು ಮಾಡಬೇಕು?

ಗಾಳಿಬೀಡು:
ನಮ್ಮದು ಹಳೇ ಹಂಚಿನ ಮನೆ. ಹಾಲ್‌ನಲ್ಲಿ ಚಿಮಣಿ ಇರುವ ಸೌದೆ ಒಲೆ ಇದೆ. ಚಳಿಗಾಲಕ್ಕೆ ಅದೇ ಸಾಕು. ತೊಂದರೆ ಆಗೋದು ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆಯಲ್ಲಿ. ಸೌದೆ ಹಸಿಯಾಗಿರುತ್ತದೆ, ಹಚ್ಚಿದರೆ ಹೊಗೆ ಒಳಗೇ ಸುತ್ತುತ್ತದೆ. ಅಮ್ಮನಿಗೆ 78 ವರ್ಷ, ಹೊಗೆಗೆ ಕೆಮ್ಮು ಜಾಸ್ತಿ. ಹೋದ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. 2000 ವ್ಯಾಟ್‌ನ ಆಯಿಲ್ ಹೀಟರ್ ಮೂಲೆಯಲ್ಲಿ ಸುಮ್ನೆ ಕೂತಿತ್ತು. ಇನ್ವರ್ಟರ್ 900 ವಿಎ, ಬ್ಯಾಟರಿ 150 ಎಎಚ್. ಈಗ ಗ್ಯಾಸ್ ಹೀಟರ್ ತಗೊಳ್ಳೋಣ ಅಂತಿದ್ದೇನೆ. ಬಳಸಿದವರು ಇದ್ದರೆ ಹೇಳಿ.

ಶಾಂತಳ್ಳಿ:
ದುಡ್ಡು ಕೊಡುವ ಮುಂಚೆ ನನ್ನ ಅನುಭವ ಕೇಳಿ. ನಾನೂ ಗ್ಯಾಸ್ ಹೀಟರ್ ತಂದಿದ್ದೆ, ಹೊಗೆ ಕೊಳವೆ ಇಲ್ಲದ್ದು. ಕೋಣೆ ಬೇಗ ಬಿಸಿಯಾಯಿತು, ಅದು ನಿಜ. ಬೆಳಿಗ್ಗೆ ನೋಡಿದರೆ ಕಿಟಕಿ ಗಾಜಿನ ಮೇಲೆ ನೀರು ಗೆರೆ ಗೆರೆಯಾಗಿ ಇಳಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಷ್ಟು. ರೇಷ್ಮೆ ಸೀರೆಗಳ ಅಂಚಿಗೂ ಹಿಡಿದಿತ್ತು. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ನಮ್ಮ ಮಳೆಗಾಲಕ್ಕೆ ಇನ್ನಷ್ಟು ತೇವ ಬೇಕಾ? ಕಿಟಕಿ ತೆರೆದೇ ಉರಿಸಬೇಕು, ಇಲ್ಲದಿದ್ದರೆ ಉಸಿರಿಗೂ ಅಪಾಯ. ಕೆಮ್ಮುವ ಅಮ್ಮ ಇರುವ ಕೋಣೆಗೆ ನಾನಂತೂ ಬೇಡ ಅನ್ನುತ್ತೇನೆ.

ನಿಮ್ಮ ಬ್ಯಾಟರಿ ಲೆಕ್ಕ ನೋಡಿ. 12 ವೋಲ್ಟ್, 150 ಎಎಚ್ ಅಂದರೆ 1800 ವ್ಯಾಟ್-ಅವರ್. ಕೈಗೆ ಸಿಗುವುದು ಸುಮಾರು 1000. ನಿಮ್ಮ ಇನ್ವರ್ಟರ್ 2000 ವ್ಯಾಟ್ ಎಳೆಯುವುದೇ ಇಲ್ಲ. ಆದರೆ ಎಲೆಕ್ಟ್ರಿಕ್ ಕಂಬಳಿಗೆ 100 ವ್ಯಾಟ್ ಕೂಡ ಬೇಡ. ಕರೆಂಟ್ ಇಲ್ಲದಾಗ ಮನೆ ಬಿಸಿ ಮಾಡಲು ಹೋಗಬೇಡಿ, ಅಮ್ಮನನ್ನು ಬೆಚ್ಚಗಿಡಿ. ಮುಚ್ಚಿಗೆ (ಹಂಚಿನ ಕೆಳಗಿನ ಒಳಚಾವಣಿ) ಇರುವ ಒಂದು ಸಣ್ಣ ಕೋಣೆಗೆ ಅವರ ಮಂಚ ಹಾಕಿ. ಬರೀ ಹಂಚಿನ ಕೆಳಗೆ ಎಷ್ಟು ಬಿಸಿ ಮಾಡಿದರೂ ಮೇಲೆ ಹೋಗಿಬಿಡುತ್ತದೆ.

ಕರೆಂಟ್ ಇದ್ದಾಗ ಆಯಿಲ್ ಹೀಟರ್ ಒಳ್ಳೆಯದೇ. ಗಂಟೆಗೆ 2 ಯೂನಿಟ್ ತಿನ್ನುತ್ತದೆ ಅಷ್ಟೇ. ಹಾಟ್ ಅಂಡ್ ಕೋಲ್ಡ್ ಏಸಿ ಹಾಕಿಸಿದರೆ ಅದೇ ಬಿಸಿ ಸುಮಾರು ಮೂರನೇ ಒಂದು ಪಾಲು ಕರೆಂಟ್‌ನಲ್ಲಿ ಸಿಗುತ್ತದೆ. ಆದರೆ ನಿಮ್ಮ ಆ ಮೂರು ದಿನಕ್ಕೆ ಅದೂ ಉಪಯೋಗಕ್ಕೆ ಬರಲ್ಲ.

ಗಾಳಿಬೀಡು:
ಅಣ್ಣ, ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಪಾದಕ್ಕೆ ಸ್ಪರ್ಶ ಕಡಿಮೆ. ರಾತ್ರಿಯೆಲ್ಲ ಕಂಬಳಿ ಆನ್ ಇಡಬಹುದಾ? ಇಲ್ಲದಿದ್ದರೆ ಬಾಣಲೆಯಲ್ಲಿ ಕೆಂಡ ಹಾಕಿ ಕೋಣೆಯಲ್ಲಿ ಇಡೋಣ ಅಂದುಕೊಂಡೆ.

ಶಾಂತಳ್ಳಿ:
ಕೆಂಡ ಖಂಡಿತ ಬೇಡ! ಹೊಗೆ ಕಾಣಲ್ಲ, ವಾಸನೆ ಬರಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ತುಂಬುತ್ತದೆ. ಮಲಗಿದವರು ಏಳುವುದೇ ಇಲ್ಲ. ಸೌದೆ ಒಲೆ ಇರುವ ಮನೆಗೆ ಆ ವಿಷಗಾಳಿ ಪತ್ತೆ ಮಾಡುವ ಅಲಾರ್ಮ್ ಒಂದು ಇರಲೇಬೇಕು.

ಸ್ಪರ್ಶ ಕಡಿಮೆ ಇದ್ದರೆ ಸುಟ್ಟರೂ ಗೊತ್ತಾಗಲ್ಲ. ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆ ಬಿಸಿ ಮಾಡಿ, ಅವರು ಮಲಗುವ ಹೊತ್ತಿಗೆ ಪ್ಲಗ್ ಕಿತ್ತುಬಿಡಿ. ಮೇಲೆ ಉಣ್ಣೆ ಕಂಬಳಿ, ಕಾಲಿಗೆ ಸಾಕ್ಸ್. ಬಿಸಿನೀರಿನ ಬ್ಯಾಗನ್ನೂ ಕಾಲಿಗೆ ತಾಗಿಸಬೇಡಿ. ಅವರ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ನಾಪೋಕ್ಲು:
ಹೊಗೆಯ ವಿಷಯ ಯಾರೂ ಹೇಳಲಿಲ್ಲ. ಎರಡು ಸೌದೆ ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಹಸಿ. ಉರಿಯುವಾಗ ತುದಿಯಲ್ಲಿ ನೊರೆ ಬರುತ್ತಿದ್ದರೆ ಕೇಳೋದೇ ಬೇಡ. ಫೆಬ್ರವರಿಯಲ್ಲೇ ಸೀಳಿ, ಗಾಳಿ ಆಡುವ ಹಾಗೆ ಶೆಡ್‌ನಲ್ಲಿ ಪೇರಿಸಿಡಿ. ಕಾಫಿ ಗಿಡದ ಬೊಡ್ಡೆ ಇದ್ದರೆ ಮಳೆಗಾಲಕ್ಕೇ ಉಳಿಸಿಕೊಳ್ಳಿ. ಚಿಮಣಿ ತಣ್ಣಗಿದ್ದರೂ ಹೊಗೆ ಮೇಲೇರಲ್ಲ. ಮೊದಲು ಪೇಪರ್ ಉಂಡೆ ಹಚ್ಚಿ, ಕೊಳವೆಯ ಬಾಯಿ ಹತ್ತಿರ ಹಿಡಿಯಿರಿ. ವರ್ಷಕ್ಕೊಮ್ಮೆ ಮಸಿ ತೆಗೆಸಿ.

ಗಾಳಿಬೀಡು:
ಇವತ್ತು ಬಡಿದು ನೋಡಿದೆ. ಹತ್ತರಲ್ಲಿ ಏಳು ದಬ್ ಅಂದವು. ಟಣ್ ಅಂದ ಮೂರನ್ನೇ ಇಟ್ಟು, ಪೇಪರ್ ಹಚ್ಚಿ ಹಿಡಿದೆ. ಹೊಗೆ ಸೀದಾ ಮೇಲೆ ಹೋಯಿತು, ಅಮ್ಮ ಕೆಮ್ಮಲಿಲ್ಲ. ಗ್ಯಾಸ್ ಹೀಟರ್ ಕೈಬಿಟ್ಟೆ. ನಾಳೆ ಮಡಿಕೇರಿಗೆ ಹೋಗಿ ಕಂಬಳಿ, ಅಲಾರ್ಮ್ ಎರಡನ್ನೂ ವಿಚಾರಿಸುತ್ತೇನೆ.