ಅಪ್‌ಡೇಟ್: ಚೊಚ್ಚಲ ಬಸಿರು, ಆಸ್ಪಿರಿನ್ ಮತ್ತು ಎದೆಯುರಿ

ತೀರ್ಥಹಳ್ಳಿಯಲ್ಲಿರೋ ತಂಗಿಗೆ ಚೊಚ್ಚಲ ಬಸಿರು, ಪ್ರಿಎಕ್ಲಾಂಪ್ಸಿಯಾ (ಬಸಿರಲ್ಲಿ ಬಿಪಿ ಏರಿ ತಾಯಿ-ಮಗುವಿಗೆ ಅಪಾಯ ತರೋ ತೊಂದರೆ) ಬಾರದಿರಲಿ ಅಂತ 13ನೇ ವಾರಕ್ಕೆ ಡಾಕ್ಟರು 150 ಮಿ.ಗ್ರಾಂ ಆಸ್ಪಿರಿನ್ ಬರೆದಿದ್ದಾರೆ, ಬೆಳಿಗ್ಗೆ ನುಂಗಿದರೆ ಎದೆಯುರಿ ಅಂತ ಹೋದ ವಾರ ಕೇಳಿದ್ದೆ.

ಮಾತ್ರೆ ಮುರಿದು ಎರಡು ಹೊತ್ತು ತಗೊಳ್ಳೋ ಸಲಹೆ ಆಗಿಬರಲಿಲ್ಲ, ಉರಿ ಇನ್ನೂ ಜಾಸ್ತಿಯಾಯ್ತು. ಮುರಿದ ಅಂಚಲ್ಲಿ ಹೊರಪದರ ತೆಳ್ಳಗೆ ಸಿಪ್ಪೆ ಹಾಗೆ ಎದ್ದಿತ್ತು. ಮಾತ್ರೆ ಹೊಟ್ಟೆಯಲ್ಲಿ ಕರಗದೆ ಕರುಳು ಸೇರಲಿ ಅಂತಲೇ ಆ ಪದರ ಇರೋದು. ಡಾಕ್ಟರನ್ನು ಕೇಳಿ, ರಾತ್ರಿ ಊಟವಾದ ಮೇಲೆ ಇಡೀ ಮಾತ್ರೆ ಶುರು ಮಾಡಿದ್ವಿ. ಉರಿ ನಿಂತಿದೆ. ರಾತ್ರಿ ನುಂಗೋ ಸಲಹೆ ಕೊಟ್ಟವರಿಗೆ ನಿಜಕ್ಕೂ ಋಣಿ.

2017ರ ದೊಡ್ಡ ಅಧ್ಯಯನದಲ್ಲೂ ರಾತ್ರಿಯೇ 150 ಮಿ.ಗ್ರಾಂ, 36ನೇ ವಾರದವರೆಗೆ ಕೊಟ್ಟಿದ್ದರಂತೆ. ಅಪಾಯ ಹೆಚ್ಚಿದ್ದ ಬಸುರಿಯರಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆಯಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ. 4.3ರಿಂದ 1.6ಕ್ಕೆ ಇಳಿದಿತ್ತು. ಹಾಗಂತ ಚೊಚ್ಚಲು ಅನ್ನೋ ಒಂದೇ ಕಾರಣಕ್ಕೆ ಎಲ್ಲರಿಗೂ ಬೇಡ. ಡಾಕ್ಟರು ಹೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ನನಗೆ ಗೊತ್ತೇ ಇರದಿದ್ದದ್ದು: ಇದು ಬಿಪಿ ಇಳಿಸೋ ಮಾತ್ರೆಯಲ್ಲ. ಪ್ಲೇಟ್‌ಲೆಟ್‌ಗಳು ತಯಾರಿಸೋ, ರಕ್ತನಾಳ ಬಿಗಿಸೋ ಥ್ರಾಂಬಾಕ್ಸೇನ್ ಅನ್ನೋ ವಸ್ತು ಇದರಿಂದ ತಗ್ಗುತ್ತೆ. ನಾಳ ಸಡಿಲಿಸೋ ಪ್ರೊಸ್ಟಾಸೈಕ್ಲಿನ್ ಬಹುಪಾಲು ಉಳಿಯುತ್ತೆ. ಮಾತ್ರೆ ಬಿಪಿ ಇಳಿಸಲ್ಲವಾದ್ದರಿಂದ ಬಿಪಿ ನೋಡಿಸೋದು ತಪ್ಪಿಸೋ ಹಾಗಿಲ್ಲ. ತಡೆಯಲಾಗದ ತಲೆನೋವು, ಕಣ್ಣು ಮಂಜು, ಮುಖ ಊದೋದು ಕಂಡರೆ ಎಂಥಾ ಮಳೆಯಿದ್ದರೂ ಅವತ್ತೇ ಆಸ್ಪತ್ರೆಗೆ ಹೊರಡಿ.